ಕಮಲಾಪುರದ ನೀಲಿ ತಾಯತ

ಹೋದ ತಿಂಗಳು ನನ್ನ ಕರಿಮಣಿ ಸರ ಹರಿದು, ಪೋಣಿಸಲು ಕೊಡೋಣವೆಂದು ಸೇಡಂ ರಸ್ತೆಯ ಅಂಗಡಿಯೊಂದಕ್ಕೆ ಹೋಗಿದ್ದೆ. ಕೌಂಟರಿನ ಹಿಂದೆ ಕುಳಿತಿದ್ದ ಹುಡುಗಿ ಹೊಸ ದಾರವನ್ನು ಜೇನುಮೇಣದ ಉಂಡೆಗೆ ಒತ್ತಿ ಹಿಡಿದು ಸರ್ರನೆ ಎಳೆದಳು. ಗಾಜಿನ ಬಾಗಿಲು ಮುಚ್ಚಿದ ಆ ತಂಪು ಅಂಗಡಿಯಲ್ಲಿ ಮೇಣದ ವಾಸನೆ ಎದ್ದು ಬಂತು ನೋಡಿ, ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. “ಏನಾತ್ರಿ ಆಂಟಿ, ನೀರು ಕೊಡ್ಲೇನು?” ಎಂದಳು ಹುಡುಗಿ. ಬೇಡವೆಂದೆ. ಆ ವಾಸನೆ ಗಾಜಿಪುರದ ನಮ್ಮ ಓಣಿಯದು. ನಮ್ಮ ಮನೆಯ ಎದುರು ಬಾಗಿಲಿನ ಪಟವೇಗಾರ ಚಾಚಾನ ಕೈಯದು.

ಗಾಜಿಪುರ ಇದೇ ಊರಿನ ಹಳೆಯ ಬಡಾವಣೆ; ಊರಿಗೆ ಆಗಿನ್ನೂ ಗುಲ್ಬರ್ಗಾ ಎನ್ನುತ್ತಿದ್ದರು. ಪಟವೇಗಾರರೆಂದರೆ ಒಡವೆಗಳಿಗೆ ರೇಷ್ಮೆ ದಾರ ಹೆಣೆಯುವವರು. ಚಾಚಾ ಮನೆಯ ಮುಂದಿನ ಫರಸಿಕಲ್ಲಿನ ಕಟ್ಟೆಯ ಮೇಲೆ ಕುಳಿತು, ಬಲಗಾಲಿನ ಹೆಬ್ಬೆರಳಿಗೆ ದಾರದ ಒಂದು ತುದಿ ಸುತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕೆಲಸ ಮಾಡುತ್ತಿದ್ದರು. ಮಾತು ಕಡಿಮೆ. ಬಾಯಲ್ಲಿ ದಾರ ಇದ್ದುದರಿಂದ ಹಾಗೋ, ಸ್ವಭಾವವೇ ಹಾಗೋ ನನಗೆ ತಿಳಿಯದು. ಓಣಿಯ ಹೆಂಗಸರು ತಾಳಿಯನ್ನೇ ಬಿಚ್ಚಿ ಅವರ ಕೈಗಿಟ್ಟು, ಕೊರಳಿಗೆ ಅರಿಶಿನದ ಕೊಂಬು ಕಟ್ಟಿಕೊಂಡು ಸಂತೆಗೆ ಹೋಗಿ ಬರುತ್ತಿದ್ದರು. ತಾಳಿಯ ಚಿನ್ನದ ಗುಂಡು ಎಷ್ಟಿವೆ ಎಂದು ಎಣಿಸಿ ಕೊಟ್ಟವರನ್ನು ನಾನು ನೋಡಿಲ್ಲ. ಎಣಿಸಿ ತೆಗೆದುಕೊಂಡವರನ್ನೂ ನೋಡಿಲ್ಲ.

ನನ್ನ ಮಗಳಿಗೆ ಮೂರು ತಿಂಗಳಾದಾಗ ಮುಂಗೈಗೆ ಕಟ್ಟುವ ಕರಿಮಣಿ ಹೆಣೆದುಕೊಟ್ಟವರೂ ಅವರೇ. ಆ ಮಗು ಹನ್ನೊಂದು ತಿಂಗಳಿಗೆ ಹೋಯಿತು. ಹಬ್ಬಕ್ಕೆಂದು ತವರಿಗೆ ಬಂದಿದ್ದೆ. ಜ್ವರ ಬಂತು, ಮೂರನೆಯ ದಿನ ಮಧ್ಯಾಹ್ನ ಮುಗಿದಿತ್ತು. ಕಮಲಾಪುರದಲ್ಲಿ ನಮ್ಮ ತವರಿನವರ ಹೊಲವಿತ್ತು. ಅಲ್ಲೇ ಹಿರಿಯರ ಸಮಾಧಿಗಳ ಮಗ್ಗುಲಲ್ಲಿ ಮಣ್ಣು ಕೊಟ್ಟರು. ಕುಣಿಗೆ ಇಡುವ ಮುಂಚೆ, ಮೈಮೇಲೆ ಏನೂ ಇರಬಾರದೆಂದು ಯಾರೋ ಹಿರಿಯರು ಹೇಳಿದರು. ಅವ್ವ ಕತ್ತರಿ ತಂದು ಮಗುವಿನ ಕೈಯಲ್ಲಿದ್ದ ಕರಿಮಣಿಯ ದಾರ ಕತ್ತರಿಸಿದಳು. ಅದಾದ ಮೇಲೆ ಎಷ್ಟೋ ದಿನ ನನಗೆ ಕನಸಿನಲ್ಲಿ ಮಗು ಬರಿಗೈ ಚಾಚಿಕೊಂಡು ಅಳುತ್ತಿತ್ತು. ಎದ್ದು ಅವ್ವನಿಗೆ ಹೇಳುತ್ತಿದ್ದೆ. ಆ ಕತ್ತರಿ ಹಿಡಿದದ್ದು ಅವಳ ಕೈ ಎಂಬುದು ಹೇಳುವಾಗ ನನಗೆ ಹೊಳೆಯುತ್ತಿರಲಿಲ್ಲ…

ಗಂಡನ ಮನೆ ಬೀದರಿನಲ್ಲಿತ್ತು. ಹಿಂತಿರುಗಲು ಮನಸ್ಸಾಗಲಿಲ್ಲ, ಅವರೂ ಒತ್ತಾಯ ಮಾಡಲಿಲ್ಲ. ಆ ಹೊತ್ತಿಗೆ ಕಮಲಾಪುರದ ಆಚೆ, ಕೆಂಪು ಬಾಳೆಯ ತೋಟವೊಂದರ ಅಂಚಿನಲ್ಲಿ ನೀರಿನ ಪೈಪು ಹೂಳಲು ಅಗೆದಾಗ ಹಳೆಯ ಕಾಲದ ಮಡಕೆಗಳು ಸಿಕ್ಕವು. ಹೊರ ಊರಿನ ಪ್ರೊಫೆಸರೊಬ್ಬರು ನಾಲ್ಕಾರು ಆಳುಗಳನ್ನು ಕಟ್ಟಿಕೊಂಡು ಅಲ್ಲಿ ಅಗೆತ ಶುರುಮಾಡಿದ್ದರು. ಸಿಕ್ಕ ವಸ್ತುಗಳ ಚಿತ್ರ ಬರೆಯಲು ಅವರಿಗೆ ಒಬ್ಬರು ಬೇಕಾಗಿತ್ತು. ನಾನು ಚಿತ್ರಕಲೆ ಓದಿದವಳು. ಮನೆಯಿಂದ ಹೊರಗೆ ಕಾಲಿಡಲು ಒಂದು ನೆಪ ಸಿಕ್ಕಿತೆಂದು ಒಪ್ಪಿಕೊಂಡೆ. ದಿನಾ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದೆ.

ಎರಡನೆಯ ತಿಂಗಳು ಕೆಂಪು ಮಣ್ಣಿನಲ್ಲಿ ಅಡ್ಡ ಮಲಗಿಸಿದ ಒಂದು ದಪ್ಪ ಮಡಕೆ ಕಂಡಿತು. ಒಳಗೆ ಪುಟ್ಟ ಎಲುಬುಗಳು, ನಾಲ್ಕು ಹಾಲುಹಲ್ಲು. ವರ್ಷ ತುಂಬದ ಕೂಸು ಎಂದರು ಪ್ರೊಫೆಸರ್ ಸರ್. ಕೊರಳಿದ್ದ ಜಾಗದಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಒಂದು ನೀಲಿ ಮಣಿ. ಎರಡೂ ಬದಿಗೆ ತೆರೆದ ಕಣ್ಣಿನ ಆಕಾರ ಕೊರೆದಿತ್ತು. ಬಣ್ಣ ಅಲ್ಲಲ್ಲಿ ಉದುರಿತ್ತು. ಸರ್ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

“ನೋಡಿ, ಇದು ಈ ನೆಲದ್ದಲ್ಲ. ಸಮುದ್ರದ ಆಚೆ, ಈಜಿಪ್ಟಿನ ಕಡೆಯದು. ತಾಯತ ಇದು. ಎರಡು ಸಾವಿರ ವರ್ಷದ ಹಿಂದೆ ಯಾರೋ ಇದನ್ನು ಇಲ್ಲಿವರೆಗೆ ತಂದಿದ್ದಾರೆ,” ಎಂದರು. ಮರುಕ್ಷಣವೇ ಅವರ ಮುಖ ಬದಲಾಯಿತು. ನೀಲಿ ಮಣಿಗಳು ನಮ್ಮ ಊರಿನ ಬಜಾರಿನಲ್ಲೂ ಸಿಗುತ್ತವೆ. ನಜರ್ ತಾಗಬಾರದೆಂದು ಮಕ್ಕಳಿಗೂ ಎತ್ತಿಗೂ ಆಟೋಕ್ಕೂ ಕಟ್ಟುತ್ತಾರೆ. ಯಾವನಾದರೂ ಆಳು ಬೇಕೆಂದೇ ಬೀಳಿಸಿದ್ದರೆ? ಅಗೆಯುವವರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದರು. ಕೊನೆಗೆ ನನ್ನನ್ನೂ ಕೇಳಿದರು, “ನಿಮ್ಮದೇನೂ ಅಲ್ಲ ತಾನೇ?” ಅಂದಿನಿಂದ ಆ ಅಗೆತದ ಗುಂಡಿಯ ಸುತ್ತ ಯಾರೂ ಯಾರ ಮುಖವನ್ನೂ ನೆಟ್ಟಗೆ ನೋಡಲಿಲ್ಲ.

ನಾನು ಚಿತ್ರ ಬರೆದೆ. ಮಡಕೆ, ಎಲುಬು, ಹಲ್ಲು, ಮಣಿ. ಮಣಿಯನ್ನು ಭೂತಗನ್ನಡಿಯಲ್ಲಿ ನೋಡಿ, ತೂತಿನ ಅಂಚಿನಲ್ಲಿದ್ದ ಒಂದು ಸಣ್ಣ ತಗ್ಗನ್ನೂ ಬಿಡದೆ ಬರೆದೆ. ಸರ್ ತೆಗೆದ ಫೋಟೋಗಳೆಲ್ಲ ಮಣ್ಣು ಮೆತ್ತಿದ್ದಾಗಿನವು, ಅವುಗಳಲ್ಲಿ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಪರೀಕ್ಷೆಗೆ ದೂರದ ಊರಿಗೆ ಕಳಿಸಬೇಕಿತ್ತು. ಕಳಿಸುವ ಮುಂಚೆ ಮಣಿ ಬಲ್ಲವರು ಯಾರಾದರೂ ನೋಡಿದರೆ ಒಳ್ಳೆಯದಿತ್ತು ಎಂದು ಸರ್ ಅಂದಾಗ, “ನಮ್ಮ ಮನೆ ಎದುರಿಗೆ ಒಬ್ಬರಿದ್ದಾರೆ” ಎಂದವಳು ನಾನೇ. ಕ್ಯಾಮೆರಾ ರೀಲಿನ ಖಾಲಿ ಡಬ್ಬಿಯಲ್ಲಿ ಹತ್ತಿ ತುಂಬಿ, ಅದರೊಳಗೆ ಮಣಿಯಿಟ್ಟು ನನ್ನ ಕೈಗೆ ಕೊಟ್ಟರು.

ಚಾಚಾ ಮಣಿ ಮುಟ್ಟುವ ಮೊದಲು ಒಳಗೆ ಹೋಗಿ ಕೈ ತೊಳೆದು ಬಂದರು. ಬಿಸಿಲಿಗೆ ಹಿಡಿದರು, ತೂತಿನೊಳಗೆ ಸಪೂರ ಸೂಜಿ ಆಡಿಸಿದರು. ಅವ್ವ ನಮ್ಮ ಬಾಗಿಲಲ್ಲಿ ಕುಳಿತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಓಣಿ ಎಷ್ಟು ಇಕ್ಕಟ್ಟೆಂದರೆ ಅಲ್ಲಿಂದಲೇ ಎಲ್ಲ ಕೇಳುತ್ತಿತ್ತು.

“ಬೇಟಿ, ಇದು ಕೂಸಿಗಂತ ಮಾಡಿದ್ದಲ್ಲ,” ಎಂದರು ಚಾಚಾ. “ತೂತಿನ ಈ ಕಡಿ ನೋಡು, ದಾರ ತಿಂದು ತಿಂದು ತಗ್ಗು ಬಿದ್ದದ. ಇಷ್ಟು ಸವೀಬೇಕಂದ್ರ ಯಾರೋ ಇದನ್ನ ಕೊಳ್ಳಾಗ ಹಾಕ್ಕೊಂಡು ಇಪ್ಪತ್ತು ಮೂವತ್ತು ವರ್ಷ ತಿರುಗ್ಯಾಡ್ಯಾರ. ಕೂಸಿಗಿ ವರ್ಷ ತುಂಬಿಲ್ಲ ಅಂತಿ. ಅಂದ್ರ ಇದು ಅವರವ್ವಂದು, ಇಲ್ಲಾ ಅಜ್ಜೀದು. ತನ್ನ ಕೊಳ್ಳಾಗಿಂದು ಬಿಚ್ಚಿ ಅದಕ್ಕ ಕಟ್ಟಿ ಕಳಿಸ್ಯಾಳ.”

ಅವ್ವನ ಮೊರ ನಿಂತಿತು. “ಯಾಕ ಭಾಯಿ, ಯಾಕ ಕಟ್ಟಿದ್ದಾಳು?” ಎಂದು ಕೇಳಿದಳು.

“ಒಂದೇ ಹೋಗಬೇಕಲ್ಲಕ್ಕಾ. ಅಂಜಬಾರದಂತ.”

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಎದ್ದು ಒಳಗೆ ಹೋದೆ. ಎರಡು ದಿನ ನನ್ನ ಹತ್ತಿರ ಇರಲಿ, ಇನ್ನೊಮ್ಮೆ ನೋಡುತ್ತೇನೆ ಎಂದು ಚಾಚಾ ಹೇಳಿದ್ದು ಬೆನ್ನಿಗೆ ಕೇಳಿತು. ಮೂರನೆಯ ದಿನ ಡಬ್ಬಿ ವಾಪಸು ಕೊಟ್ಟರು. “ಸೀದಾ ಸಾಹೇಬರ ಕೈಗೇ ಕೊಡು,” ಎಂದವರು ನನ್ನ ಮುಖ ನೋಡಲಿಲ್ಲ. ನಾನು ಡಬ್ಬಿ ತೆರೆಯಲಿಲ್ಲ. ಇನ್ನೊಮ್ಮೆ ಆ ಕಣ್ಣನ್ನು ನೋಡುವ ಧೈರ್ಯ ನನಗಿರಲಿಲ್ಲ. ಸರ್ ಕೂಡ ಅವಸರದಲ್ಲಿ ಹತ್ತಿ ಸರಿಸಿ ನೀಲಿ ಕಂಡದ್ದೇ ತಡ, ಅರಗು ಹಾಕಿ ಪೊಟ್ಟಣ ಕಟ್ಟಿ ಕಳಿಸಿಬಿಟ್ಟರು.

ನಾಲ್ಕು ತಿಂಗಳ ಮೇಲೆ ಉತ್ತರ ಬಂತು. ಅದು ಇತ್ತೀಚಿನ ಕಾಲದ ಗಾಜು, ಮೇಲೆ ಉಜ್ಜಿ ಹಳೆಯದರಂತೆ ಮಾಡಲಾಗಿದೆ ಎಂದು ಬರೆದಿದ್ದರು. ಸರ್ ಅಷ್ಟರಲ್ಲಿ ಎಲ್ಲರ ಮುಂದೆ ಆ ತಾಯತದ ಸುದ್ದಿ ಹೇಳಿಯಾಗಿತ್ತು. ತಾವೇ ಮಣಿ ಹಾಕಿ ತಾವೇ ತೆಗೆದಿದ್ದಾರೆ ಎಂದು ಜೊತೆಯ ವಿದ್ವಾಂಸರು ನಕ್ಕರಂತೆ. ವಾಪಸು ಬಂದ ಮಣಿಯನ್ನು ನನ್ನ ಚಿತ್ರದ ಪಕ್ಕ ಇಟ್ಟು ಅವರು ನನ್ನನ್ನು ಕರೆದರು.

“ಈ ಚಿತ್ರ ನಿಮ್ಮದು ತಾನೇ?”

“ಹೌದು ಸರ್.”

“ಈ ತಗ್ಗು ಮಣಿಯಲ್ಲಿ ಎಲ್ಲಿದೆ, ತೋರಿಸಿ.”

ಇರಲಿಲ್ಲ. ತೂತು ಉಂಗುರದಷ್ಟು ದುಂಡಗಿತ್ತು. ಸರ್ ನನ್ನನ್ನೇ ನೋಡುತ್ತಿದ್ದರು. ಡಬ್ಬಿ ಒಯ್ದವಳು ನಾನು, ತಂದವಳು ನಾನು. ಆ ನೋಟದಿಂದ ತಪ್ಪಿಸಿಕೊಳ್ಳಬೇಕಾಗಿತ್ತು ನನಗೆ. “ಪಟವೇಗಾರರ ಕಡೆ ಎರಡು ದಿನ ಇತ್ತು ಸರ್,” ಎಂದೆ. ಅಷ್ಟೇ ಹೇಳಿದ್ದು. ಅವರು ಅಂಥವರಲ್ಲ ಎಂಬ ಒಂದು ಮಾತನ್ನು ಅದರ ಹಿಂದೆ ಸೇರಿಸಬಹುದಿತ್ತು. ಸೇರಿಸಲಿಲ್ಲ.

ಮರುದಿನ ಮಧ್ಯಾಹ್ನ ಸರ್ ಇಬ್ಬರನ್ನು ಕರೆದುಕೊಂಡು ಗಾಜಿಪುರಕ್ಕೆ ಬಂದರು. ಕಟ್ಟೆಯ ಮೇಲಿದ್ದ ಡಬ್ಬಿಗಳನ್ನೆಲ್ಲ ಫರಸಿಯ ಮೇಲೆ ಸುರಿದರು. ಮಣಿಗಳು ಉರುಳಿ ಉರುಳಿ ಗಟಾರಕ್ಕೆ ಬಿದ್ದವು. ಓಣಿಯ ಜನವೆಲ್ಲ ನೆರೆದಿತ್ತು. “ನಾ ಕೊಟ್ಟಿದ್ದು ಅದೇ ಸಾಬ್,” ಎಂದರು ಚಾಚಾ. ಎಷ್ಟು ಸಲ ಕೇಳಿದರೂ ಅದೇ ಮಾತು. ನಾನು ಅವರ ಕಣ್ಣನ್ನೇ ಕಾಯುತ್ತಿದ್ದೆ. ಅವರು ಒಮ್ಮೆ ನಮ್ಮ ಬಾಗಿಲ ಕಡೆ ನೋಡಿದರು. ಅಲ್ಲಿ ಅವ್ವ ಚೌಕಟ್ಟು ಹಿಡಿದು ನಿಂತಿದ್ದಳು. ಚಾಚಾ ತಕ್ಷಣ ಮುಖ ತಿರುಗಿಸಿದರು. ಸುಳ್ಳು ಹೇಳುವವರು ಹೀಗೇ ಮುಖ ತಿರುಗಿಸುತ್ತಾರೆ ಎಂದುಕೊಂಡೆ.

ಏನೂ ಸಿಗಲಿಲ್ಲ. ಪೊಲೀಸರ ತನಕ ಹೋದರೆ ತಮ್ಮ ಹೆಸರೇ ಇನ್ನಷ್ಟು ಕೆಡುತ್ತದೆಂದು ಸರ್ ಅಲ್ಲಿಗೇ ಬಿಟ್ಟರು. ಕಮಲಾಪುರದ ಅಗೆತವೂ ನಿಂತಿತು. ಆದರೆ ಓಣಿ ಬಿಡಲಿಲ್ಲ. ಮಣಿ ಬದಲಿಸಿದವ ಗುಂಡು ಬದಲಿಸನೇ? ತಾಳಿ ಕೊಟ್ಟು ಸಂತೆಗೆ ಹೋಗುತ್ತಿದ್ದವರು ಈಗ ಕಟ್ಟೆಯ ಮುಂದೆ ಕುಳಿತು, ಕೊನೆಯ ಗಂಟು ಬೀಳುವವರೆಗೂ ಅವರ ಬೆರಳಿನಿಂದ ಕಣ್ಣು ತೆಗೆಯುತ್ತಿರಲಿಲ್ಲ. ಕೆಲವರು ಬರುವುದನ್ನೇ ಬಿಟ್ಟರು. ವರ್ಷದೊಳಗೆ ಕಟ್ಟೆ ಖಾಲಿಯಾಯಿತು. ಚಾಚಾ ಕಪನೂರಿನ ಒಂದು ಬೇಳೆ ಗಿರಣಿಯಲ್ಲಿ ಚೀಲದ ಬಾಯಿ ಹೊಲಿಯುವ ಕೆಲಸಕ್ಕೆ ಸೇರಿಕೊಂಡರು. ರೇಷ್ಮೆ ಹಿಡಿದ ಬೆರಳು ಸುತಳಿ ಹಿಡಿಯಿತು.

ನನಗೆ ಮರುಕ ಬರಲಿಲ್ಲ. ನಾನು ಕಿಟಕಿಯಲ್ಲಿ ನಿಂತು ಅವರ ಮನೆಯನ್ನು ಕಾಯುತ್ತಿದ್ದೆ. ಹೈದರಾಬಾದಿನಿಂದ ಒಬ್ಬ ನೆಂಟ ಬಂದು ಹೋದ. ಓಹೋ, ಇವನೇ ಕೊಂಡವನು ಎಂದುಕೊಂಡೆ. ಮಗನ ನಿಕಾಹ್ ಆಯಿತು, ಮನೆಗೆ ಹೊಸ ಅಲ್ಮಾರಿ ಬಂತು. ಎಲ್ಲಿಂದ ಬಂತು? ಎಲ್ಲವನ್ನೂ ಒಂದಕ್ಕೊಂದು ಗಂಟು ಹಾಕುತ್ತ ಹೋದೆ. ಅವ್ವನ ಮುಂದೆ ಹೇಳಿದರೆ ಅವಳು ಸಿಡುಕುತ್ತಿದ್ದಳು: “ಅವನ ಹೆಸರು ಎತ್ತಬ್ಯಾಡ ನೀ.” ಹಬ್ಬಕ್ಕೆ ಹೋಳಿಗೆ ಮಾಡಿದರೆ ಮೊದಲ ತಟ್ಟೆ ಎದುರು ಮನೆಗೇ ಹೋಗುತ್ತಿತ್ತು. ಅವ್ವ ಮೊದಲಿನಿಂದಲೂ ಭೋಳೆ, ಯಾರನ್ನಾದರೂ ನಂಬುತ್ತಾಳೆ ಎಂದುಕೊಳ್ಳುತ್ತಿದ್ದೆ. ಪ್ರತಿ ಅಮಾವಾಸ್ಯೆಗೆ ಹೊಲ ನೋಡಿ ಬರುತ್ತೇನೆಂದು ಕಮಲಾಪುರಕ್ಕೆ ಒಬ್ಬಳೇ ಹೋಗುತ್ತಿದ್ದಳು. ಆ ಹೊಲವನ್ನು ಪಾಲಿಗೆ ಕೊಟ್ಟು ಎಷ್ಟೋ ಕಾಲವಾಗಿತ್ತು. ಅದೇಕೋ ಅವ್ವನ ವಿಷಯದಲ್ಲಿ ಮಾತ್ರ ನನಗೆ ಏನೂ ಅನ್ನಿಸಲಿಲ್ಲ.

ಒಂದು ಸಂಜೆ ನಳದ ಹತ್ತಿರ ಚಾಚಾ ಎದುರಾದರು. ಮೈಯೆಲ್ಲ ಬೇಳೆಯ ಹೊಟ್ಟು. ನನಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದವರು, ಏನೋ ನೆನಪಾದಂತೆ ನಿಂತರು.

“ಬೇಟಿ, ಈಗೂ ಕನಸು ಬೀಳ್ತದೇನು?”

ನನ್ನ ಕನಸಿನ ವಿಷಯ ಇವರಿಗೆ ಹೇಗೆ ಗೊತ್ತು ಎಂದು ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಕನಸು ನಿಂತು ಬಹಳ ದಿನವಾಗಿತ್ತು. “ಇಲ್ರಿ,” ಎಂದೆ.

“ಅಚ್ಛಾ… ಅಷ್ಟಾದ್ರ ಸಾಕು.” ಸ್ವಲ್ಪ ತಡೆದು ಕೇಳಿದರು, “ನಿನ್ನ ದಿಲ್‌ನ್ಯಾಗ ನನ್ನ ಮ್ಯಾಲ ಶಕ್ ಅದ ಏನು?”

“ಇಲ್ರಿ,” ಎಂದು ಅನುಮಾನವನ್ನೂ ಅಷ್ಟೇ ಬೇಗ ಅಲ್ಲಗಳೆದೆ. ಅವರು ತಲೆಯಾಡಿಸಿ ಹೋದರು. ನಂಬಲಿಲ್ಲವೆಂದು ಅವರ ನಡಿಗೆಯಲ್ಲೇ ತಿಳಿಯುತ್ತಿತ್ತು. ಅದಾದ ಮೇಲೆ ನಾವು ಮಾತಾಡಲಿಲ್ಲ.

ಮುಂದೆ ನಾನು ಬೀದರಿಗೆ ಮರಳಿದೆ. ಶಾಲೆಯಲ್ಲಿ ಚಿತ್ರಕಲೆ ಕಲಿಸುವ ನೌಕರಿ ಸಿಕ್ಕಿತು, ಒಬ್ಬ ಮಗ ಹುಟ್ಟಿದ. ಒಮ್ಮೆ ತವರಿಗೆ ಬಂದಿದ್ದಾಗಲೇ ಚಾಚಾ ತೀರಿಕೊಂಡರು. ಗಿರಣಿಯ ಧೂಳು ಎದೆಗಿಳಿದು ಎಷ್ಟೋ ದಿನದಿಂದ ಕೆಮ್ಮುತ್ತಿದ್ದರಂತೆ. ಅವ್ವ ಹೋಗಿ ಆ ಮನೆಯ ಹೆಂಗಸರ ನಡುವೆ ಕುಳಿತಳು. ನಾನು ಮಾಳಿಗೆಯ ಮೇಲೆ ನಿಂತು ಜನಾಜ ಓಣಿಯ ತಿರುವು ದಾಟುವುದನ್ನು ನೋಡಿದೆ. ಮಣಿಯ ಗುಟ್ಟನ್ನು ಮಣ್ಣಿಗೇ ಒಯ್ದ ಮನುಷ್ಯ ಎಂದುಕೊಂಡದ್ದು ಚೆನ್ನಾಗಿ ನೆನಪಿದೆ.

ಅವ್ವ ಹಾಸಿಗೆ ಹಿಡಿದದ್ದು ಎರಡು ವರ್ಷದ ಹಿಂದೆ. ನಾನು ನಿವೃತ್ತಳಾಗಿ ಬಂದು ಜೊತೆಗಿದ್ದೆ. ಒಂದು ಬೆಳಿಗ್ಗೆ ಮುಖ ಒರೆಸುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದುಕೊಂಡಳು.

“ಆ ನೀಲಿ ಮಣಿ ನಿನ್ನ ಕೂಸಿನ ಕಡಿ ಅದ,” ಎಂದಳು.

ಬುದ್ಧಿ ಕದಡಿ ಆಡುತ್ತಿದ್ದಾಳೆ ಅಂದುಕೊಂಡೆ. ಹಾಗೇನೂ ಇರಲಿಲ್ಲ. ತಡೆತಡೆದು ಎಲ್ಲ ಹೇಳಿದಳು. ಮಣಿ ಚಾಚಾನ ಹತ್ತಿರ ಇದ್ದ ಮೊದಲ ದಿನವೇ ಅವ್ವ ಆ ಕಟ್ಟೆಗೆ ಹೋಗಿ ಸೆರಗೊಡ್ಡಿದ್ದಳು. ಅವರು ಒಪ್ಪಲಿಲ್ಲ. ಬೇರೆ ಮಣಿ ಕೊಡುತ್ತೇನೆ, ನೂರು ಕೊಡುತ್ತೇನೆ, ಇದು ಅಮಾನತು, ನಂಬಿ ಕೈಗಿಟ್ಟದ್ದು ಎಂದರಂತೆ. “ಬ್ಯಾರೆ ಮಣಿಗಿ ಏನು ಗೊತ್ತದ ಭಾಯಿ? ಇದು ಒಂದು ಕೂಸನ್ನ ಅಷ್ಟು ವರ್ಷ ಕಾದದ. ಇದಕ್ಕ ದಾರಿ ಗೊತ್ತದ. ನನ್ನ ಕೈಲೆ ಅದರ ಕರಿಮಣಿ ಕತ್ತರಿಸೀನಿ ನಾ. ಬರಿಗೈಲೆ ಕಳಿಸೀನಿ. ದಿನಾ ಅಳ್ತದಂತ ಇಕಿ ಹೇಳ್ತಾಳ,” ಎಂದು ಅವ್ವ ಅವರ ಕಾಲು ಮುಟ್ಟಲು ಹೋದಳು. ಚಾಚಾ ಎದ್ದು ನಿಂತುಬಿಟ್ಟರು. ಆ ಎರಡು ದಿನದಲ್ಲಿ ತಮ್ಮ ತಂದೆಯ ಕಾಲದ ಒಂದು ಗಾಜಿನ ಮಣಿಯನ್ನು ಉಜ್ಜಿ, ಕಣ್ಣು ಕೊರೆದು, ಕೆಮ್ಮಣ್ಣು ಬಳಿದು ಡಬ್ಬಿಗಿಟ್ಟರು. ಅಸಲು ಮಣಿಯನ್ನು ಕರಿ ರೇಷ್ಮೆಯಲ್ಲಿ ಹೆಣೆದು ಅವ್ವನಿಗೆ ಕೊಟ್ಟರು. ಅವ್ವ ಕಮಲಾಪುರಕ್ಕೆ ಹೋಗಿ, ಮಗುವಿನ ತಲೆಯ ಕಡೆ ಮೊಣಕೈ ಆಳ ಕೆದರಿ, ಅದನ್ನು ಇಟ್ಟು ಬಂದಳು. ನನ್ನ ಕನಸು ನಿಂತದ್ದು ಆಮೇಲೆಯೋ, ಅದಕ್ಕೂ ಮುಂಚೆಯೋ… ಎಷ್ಟು ಲೆಕ್ಕ ಹಾಕಿದರೂ ನನಗೆ ನೆನಪಾಗುತ್ತಿಲ್ಲ.

“ಮತ್ತ ಅಷ್ಟು ಮಂದಿ ಮುಂದ ಯಾಕ ಸುಮ್ಮನಿದ್ರು ಅವರು? ನೀ ಯಾಕ ಸುಮ್ಮನಿದ್ದಿ?” ನನ್ನ ದನಿ ಏರಿತು.

“ನಾ ಹೇಳ್ತೀನಿ ಅಂದೆ. ಅವನೇ ಬಿಡಲಿಲ್ಲ. ಹೇಳಿದ್ರ ಸಾಹೇಬರು ಸರಕಾರದವರನ್ನ ಕರಕೊಂಡು ಬಂದು ಕುಣಿ ಅಗಸ್ತಾರಕ್ಕಾ, ಹಡದಾಕಿ ಮುಂದ ನಿಂತು ನೋಡಬೇಕಾಗ್ತದ, ಅಂದ. ನನಗೇನಾಗ್ತದ, ದಾರ ಇಲ್ಲಂದ್ರ ಸುತಳಿ ಅಂದ.”

ಅವ್ವ ಆ ವಾರವೇ ಹೋದಳು.

ಹಾಗಾದರೆ ನನ್ನ ಅನುಮಾನ ಸುಳ್ಳಾಗಿರಲಿಲ್ಲ. ಮಣಿ ಬದಲಿಸಿದ್ದು ಚಾಚಾನೇ. ಜೀವಮಾನದಲ್ಲಿ ಒಂದೇ ಸಲ, ನನ್ನ ಮಗುವಿಗಾಗಿ. ಆ ಮಗುವಿನ ತಾಯಿಯೇ ಸರ್ ಮುಂದೆ ಅವರ ಕಡೆ ಬೆರಳು ತೋರಿಸಿದ್ದಳು. ಸರ್ ಅವರಿಗೂ ಅನ್ಯಾಯವಾಯಿತು. ಅವರು ಕಂಡದ್ದು ನಿಜವಾಗಿತ್ತು, ನಗೆಪಾಟಲಾದರು. ಅವರೂ ಈಗಿಲ್ಲ. ಅವರ ಶಿಷ್ಯರು ಯಾರಾದರೂ ಇದನ್ನು ಓದಬಹುದು. ಯಾವ ಹೊಲ, ಯಾವ ಸಮಾಧಿ ಎಂದು ನಾನು ಬರೆಯುವುದಿಲ್ಲ.

ಎರಡು ವರ್ಷ ಬಾಯಿ ಬಿಡದೆ ಇದ್ದೆ. ಹೋದ ತಿಂಗಳು ಆ ಅಂಗಡಿಯಿಂದ ಮನೆಗೆ ಬಂದವಳಿಗೆ ಇನ್ನು ಸುಮ್ಮನಿರಲಾಗಲಿಲ್ಲ. ಚಾಚಾನ ಮಗ ಕಪನೂರಿನಲ್ಲಿ ವೆಲ್ಡಿಂಗ್ ಶೆಡ್ ಇಟ್ಟುಕೊಂಡಿದ್ದಾರೆ ಎಂದು ತಿಳಿದು, ವಿಚಾರಿಸಿಕೊಂಡು ಹೋದೆ. ಐವತ್ತು ದಾಟಿದ ಮನುಷ್ಯ. ಅಪ್ಪನದೇ ಹಣೆ. ನನ್ನ ಗುರುತು ಹಿಡಿದರು, ಕುರ್ಚಿ ಹಾಕಿದರು, ಚಹಾ ತರಿಸಿದರು. ನಾನು ಒಂದೂ ಬಿಡದೆ ಹೇಳಿದೆ. ಅವರು ಕೈಯಲ್ಲಿದ್ದ ಕಪ್ಪು ಕನ್ನಡಕವನ್ನು ತಿರುಗಿಸುತ್ತ ಕೇಳಿಸಿಕೊಂಡರು.

“ಇದನ್ನ ಈಗ ಯಾಕ ಹೇಳಲಾಕತ್ತೀರಿ?” ಎಂದರು.

“ನಿಮ್ಮ ತಂದೆಯವರ ಮ್ಯಾಲಿನ ಮಾತು ಹೋಗಬೇಕಂತ.”

“ಹ್ಯಾಂಗ ಹೋಗ್ತದ್ರಿ? ಬದಲಿ ಮಾಡ್ಯಾರ ಅಂತ ನೀವೇ ಹೇಳಲಾಕತ್ತೀರಲ್ಲ.”

ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ.

“ಆವತ್ತು ನಿಮ್ಮ ಸಾಹೇಬರು ಹೇಳಿದ್ರು, ಇವತ್ತು ನೀವು. ನಿಮ್ಮ ತಾಯಿನೂ ಇಲ್ಲ, ನಮ್ಮ ಅಬ್ಬಾನೂ ಇಲ್ಲ. ಯಾರನ್ನ ಕೇಳ್ಬೇಕು ನಾ?” ದನಿ ಏರಿಸಲಿಲ್ಲ ಅವರು. “ಹಾಸಿಗಿ ಮ್ಯಾಲ ಮಲಗಿದಾಗ ನಾನೇ ಒಮ್ಮೆ ಕೇಳಿದ್ದೆ ಅಬ್ಬಾಗ. ನಾ ಕೊಟ್ಟಿದ್ದು ಅದೇ ಬೇಟಾ, ಅಂದ್ರು. ನನಗ ಅಷ್ಟು ಸಾಕು. ಚಹಾ ಕುಡೀರಿ, ಆರ್ತದ.”

ಚಹಾ ಕುಡಿದೆ. ಅವರು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಬಾಗಿದರು. ಕಿಡಿ ಹಾರತೊಡಗಿದ ಮೇಲೆ ಅತ್ತ ನೋಡಲಾಗಲಿಲ್ಲ. ಎದ್ದು ರಸ್ತೆಗೆ ಬಂದು ಬಸ್ಸಿಗೆ ನಿಂತೆ. ಆ ಮನುಷ್ಯ ನಂಬಿಕೊಂಡಿರುವುದು ಸುಳ್ಳನ್ನು, ನಾನು ಅನುಮಾನ ಪಟ್ಟದ್ದು ನಿಜವನ್ನು. ಆದರೂ ಅಂಥ ನಂಬಿಕೆ ನನಗೆ ಒಂದು ದಿನ, ಸರ್ ಎದುರು ನಿಂತ ಆ ಒಂದು ದಿನ ಇದ್ದಿದ್ದರೆ ಸಾಕಿತ್ತು. ಚಾಚಾ ಸಾಯುವವರೆಗೂ ಆ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು…